ಹಳೆಯ ಬೆಂಜ್ ಕಾರು ಕೊಳ್ಳುವ ಮುನ್ನ ಅದರ ಹೆಸರಿಗೆ ಬೆಲೆ ಕಟ್ಟುವುದು ಹೇಗೆ

ಕೊಡಗಿನಲ್ಲಿ ಮರ್ಸಿಡಿಸ್-ಬೆಂಜ್ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ; ಇಲ್ಲಿ ಅದು ಬರೇ ಬೆಂಜ್. ಕಾಫಿಗೂ ಕರಿಮೆಣಸಿಗೂ ಒಟ್ಟಿಗೆ ಒಳ್ಳೆಯ ಬೆಲೆ ಬಂದ ವರ್ಷ, ತೋಟದ ಕೆಲಸಕ್ಕೆ ಜೀಪು ಇದ್ದೇ ಇದೆ, ಮನೆಮಂದಿಯ ಓಡಾಟಕ್ಕೆ ಹಳೆಯದೊಂದು ಬೆಂಜ್ ಇದ್ದರೆ ಹೇಗೆ ಎಂಬ ಯೋಚನೆ ಹಲವರಿಗೆ ಬರುತ್ತದೆ. ಹಾಗೆ ಕೊಳ್ಳಹೊರಟವರು ಮಾಡುವ ಮೊದಲ ತಪ್ಪೆಂದರೆ, ಆ ಹೆಸರಿಗೆ ಎಲ್ಲ ವರ್ಷಗಳಲ್ಲೂ ಒಂದೇ ತೂಕವಿದೆ ಎಂದು ನಂಬುವುದು. ಹೆಸರು ಬಂದದ್ದು ಕೆಲವು ವರ್ಷಗಳಲ್ಲಿ ನಡೆದ ಗಟ್ಟಿ ಕೆಲಸದಿಂದ. ಅದು ಕುಂದಿದ ವರ್ಷಗಳೂ ಉಂಟು. ಆದ್ದರಿಂದ ಬಾನೆಟ್ ಎತ್ತುವ ಮೊದಲು ಕಂಪನಿಯ ಚರಿತ್ರೆಯನ್ನು ಒಂದು ಸುತ್ತು ತಿಳಿದುಕೊಂಡು, ಎದುರಿಗೆ ನಿಂತಿರುವ ಕಾರು ಆ ಚರಿತ್ರೆಯ ಯಾವ ಕಾಲಕ್ಕೆ ಸೇರಿದ್ದು ಎಂದು ಗೊತ್ತುಮಾಡಿಕೊಳ್ಳಬೇಕು.

ಈ ಕಂಪನಿಗೆ ಮೂಲ ಒಂದಲ್ಲ, ಎರಡು. ಮನ್‌ಹೈಮ್ ನಗರದ ಕಾರ್ಲ್ ಬೆಂಜ್ ಅವರು ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ 1886ರ ಜನವರಿ 29ರಂದು ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. ಅದೇ ಹೊತ್ತಿಗೆ ಸ್ಟುಟ್‌ಗಾರ್ಟ್ ಬಳಿಯ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಅವರು ವೇಗವಾಗಿ ತಿರುಗುವ ಸಣ್ಣ ಎಂಜಿನ್ನನ್ನು ಗಾಡಿಗೆ ಕೂರಿಸುವ ಕೆಲಸದಲ್ಲಿದ್ದರು. ಬೆಂಜ್ ಅವರ ಗಾಡಿಯನ್ನು ಜನ ನಂಬುವಂತೆ ಮಾಡಿದ್ದು ಮಾತ್ರ ಅವರ ಪತ್ನಿ ಬರ್ತಾ. 1888ರ ಆಗಸ್ಟ್ ತಿಂಗಳಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಆಕೆ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ನೂರು ಕಿ.ಮೀ.ಗೂ ಮಿಕ್ಕಿದ ದಾರಿಯನ್ನು ಕ್ರಮಿಸಿದರು. ಮಡಿಕೇರಿಯಿಂದ ಮೈಸೂರಿಗಿರುವ ದೂರಕ್ಕಿಂತ ತುಸು ಕಡಿಮೆ ಎನ್ನಬಹುದು. ಇಂಧನವನ್ನು ವೀಸ್‌ಲಾಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು, ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು, ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹೊಡೆಸಿದರು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು. ಏರಿಗೆ ಇನ್ನೊಂದು ಗೇರು ಬೇಕೆಂಬ ಸಲಹೆ ಆ ಪ್ರಯಾಣದಿಂದಲೇ ಬಂತು. ಘಟ್ಟದ ಊರಿನವರಾದ ನಮಗೆ ಈ ಕಂಪನಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಬೇಗ ಅರ್ಥವಾಗುವ ಸಂಗತಿ ಅದು.

ಮರ್ಸಿಡಿಸ್ ಎಂಬುದು ಡೈಮ್ಲರ್ ಕಡೆಯಿಂದ ಬಂದ ಹೆಸರು. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ, ಡೈಮ್ಲರ್ ಕಂಪನಿಯಿಂದ ಕಾರುಗಳನ್ನು ತರಿಸಿ ಫ್ರಾನ್ಸಿನ ನೀಸ್ ನಗರದ ಶ್ರೀಮಂತರಿಗೆ ಮಾರುತ್ತಿದ್ದವರು, ಮೈಬಾಖ್ ರೂಪಿಸಿದ 35 ಅಶ್ವಶಕ್ತಿಯ ಹೊಸ ಕಾರಿಗೆ ತಮ್ಮ ಮಗಳ ಹೆಸರಿಡಿಸಿದರು. 1901ರಲ್ಲಿ ಆ ಕಾರು ನೀಸ್‌ನ ಸ್ಪರ್ಧೆಗಳಲ್ಲಿ ಗೆದ್ದ ಮೇಲೆ ಹೆಸರು ಗಟ್ಟಿಯಾಯಿತು. ಮೂರು ಮೊನೆಯ ನಕ್ಷತ್ರ ನೋಂದಣಿಯಾದದ್ದು 1909ರಲ್ಲಿ. ನೆಲ, ಜಲ, ಆಕಾಶ ಮೂರಕ್ಕೂ ಎಂಜಿನ್ ಮಾಡುವ ಹಂಬಲ ಅದರಲ್ಲಿದೆ ಎನ್ನುತ್ತಾರೆ. ಮೊದಲ ಮಹಾಯುದ್ಧದ ನಂತರದ ಕಷ್ಟದ ದಿನಗಳಲ್ಲಿ ಎರಡೂ ಕಂಪನಿಗಳು ಹತ್ತಿರ ಬಂದು, 1926ರ ಜೂನ್‌ನಲ್ಲಿ ಡೈಮ್ಲರ್-ಬೆಂಜ್ ಆಗಿ ಒಂದಾದವು.

ಇಲ್ಲಿಂದ ಮುಂದಿನ ಎರಡು ದಶಕಗಳನ್ನು ಜಾಹೀರಾತಿನ ಭಾಷೆಯಲ್ಲಿ ಹೇಳಲಾಗದು. 1936ರಲ್ಲಿ 260ಡಿ ಎಂಬ ಡೀಸೆಲ್ ಕಾರನ್ನು ತಂದ ಇದೇ ಕಂಪನಿ ನಾಜಿ ಆಡಳಿತಕ್ಕೆ ಯುದ್ಧಸಾಮಗ್ರಿಯನ್ನೂ ಒದಗಿಸಿತು. 1944ರ ಹೊತ್ತಿಗೆ ಅದರ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಲವಂತದಿಂದ ದುಡಿಸಲ್ಪಟ್ಟ ನಾಗರಿಕರು, ಯುದ್ಧಕೈದಿಗಳು ಮತ್ತು ಬಂದಿಶಿಬಿರಗಳ ಕೈದಿಗಳಾಗಿದ್ದರು. ಕಂಪನಿ ಇದನ್ನು ಒಪ್ಪಿಕೊಂಡಿದೆ, 1988ರಲ್ಲಿ ಪರಿಹಾರಕ್ಕೆಂದು 2 ಕೋಟಿ ಮಾರ್ಕ್ ಕೊಟ್ಟಿದೆ. ಕಾರು ಪರೀಕ್ಷಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳುವವರಿದ್ದಾರೆ. ಹೆಸರಿನ ಬೆಲೆ ಕಟ್ಟಲು ಹೊರಟವರು ಈ ಲೆಕ್ಕವನ್ನು ಬಿಟ್ಟು ಕಟ್ಟಬಾರದೆಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಹೆಸರು ಬೇರೂರಿದ್ದು ಕಾರಿನಿಂದಲ್ಲ, ಲಾರಿಯಿಂದ. 1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರವರೆಗೆ ಆ ಒಪ್ಪಂದ ನಡೆಯಿತು. ಕಾಫಿ ಚೀಲ, ಮರದ ದಿಮ್ಮಿ ಹೇರಿಕೊಂಡು ಘಟ್ಟ ಇಳಿದ ಬೆಂಜ್ ಲಾರಿಗಳನ್ನು ಕಂಡ ಹಿರಿಯರು ಬೆಂಜ್ ಎಂದರೆ ಗಟ್ಟಿ ಎಂದರೇ ಹೊರತು ವಿಲಾಸ ಎನ್ನಲಿಲ್ಲ. ಕಾರಿನ ಕಾರ್ಖಾನೆ ಬಂದದ್ದು ಬಹಳ ತಡವಾಗಿ: 1994ರಲ್ಲಿ ಭಾರತದ ಕಂಪನಿ ಸ್ಥಾಪನೆಯಾಗಿ, 1995ರಿಂದ ಪುಣೆಯಲ್ಲಿ ಇ-ಕ್ಲಾಸ್ ಜೋಡಣೆ ಆರಂಭವಾಯಿತು. ಅದಕ್ಕಿಂತ ಹಳೆಯ ಬೆಂಜ್ ಕಾರು ನಿಮ್ಮೆದುರು ನಿಂತಿದ್ದರೆ, ಅದು ಹೊರದೇಶದಿಂದ ಬಂದದ್ದೇ ಆಗಿರಬೇಕು.

ಈಗ ಹೆಸರು ಗಳಿಸಿದ ಕಾಲದ ಮಾತು. ಅಪಘಾತದಲ್ಲಿ ಕಾರಿನ ಮುಂಭಾಗ ಮತ್ತು ಹಿಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು, ಜನ ಕೂರುವ ನಡುಭಾಗ ಗಟ್ಟಿಯಾಗಿ ಉಳಿಯಬೇಕು ಎಂಬ ವಿಚಾರವನ್ನು ರೂಪಿಸಿದವರು ಈ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ. 1959ರ ಕಾರುಗಳಲ್ಲಿ ಅದು ಬಳಕೆಗೆ ಬಂತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ನೋಡಿಕೊಳ್ಳುವ, ಬಾಷ್ ಕಂಪನಿಯೊಂದಿಗೆ ಬೆಳೆಸಿದ ಎಬಿಎಸ್ ಬ್ರೇಕು 1978ರಲ್ಲಿ ಎಸ್-ಕ್ಲಾಸ್‌ಗೆ ಬಂತು, 1980ರ ದಶಕದ ಆರಂಭದಲ್ಲಿ ಏರ್‌ಬ್ಯಾಗ್ ಬಂತು, 1995ರಲ್ಲಿ ಕಾರು ಜಾರದಂತೆ ತಡೆಯುವ ಇಎಸ್‌ಪಿ ಬಂತು. ಮಳೆಗಾಲದ ತಿರುವಿನಲ್ಲಿ ಇವುಗಳ ಬೆಲೆ ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಳಿಕೆಯ ಹೆಸರು ತಂದುಕೊಟ್ಟದ್ದು 1976ರಲ್ಲಿ ಹೊರಬಂದ ಡಬ್ಲ್ಯೂ123 ಸರಣಿ. ಸುಮಾರು ಹತ್ತು ವರ್ಷಗಳಲ್ಲಿ 27 ಲಕ್ಷದಷ್ಟು ತಯಾರಾದ ಈ ಕಾರುಗಳು, ಅದರಲ್ಲೂ 240ಡಿ ಮತ್ತು 300ಡಿ ಡೀಸೆಲ್‌ಗಳು, ಹಲವು ದೇಶಗಳಲ್ಲಿ ಟ್ಯಾಕ್ಸಿಗಳಾಗಿ ಲಕ್ಷಾಂತರ ಕಿ.ಮೀ. ಓಡಿದವು. ಅದರ ನಂತರ 1984ರಲ್ಲಿ ಬಂದ ಡಬ್ಲ್ಯೂ124 ಅಷ್ಟೇ ಗಟ್ಟಿ, ಇನ್ನೂ ನಯ. ಪುಣೆಯಲ್ಲಿ ಮೊದಲು ಜೋಡಿಸಿದ್ದೂ ಇದನ್ನೇ.

ಕುಂದಿದ ಕಾಲದ ಲೆಕ್ಕವನ್ನೂ ಇಟ್ಟುಕೊಳ್ಳಿ. ಡಬ್ಲ್ಯೂ124ರ ಕೊನೆಯ ವರ್ಷಗಳಲ್ಲಿ, ಸುಮಾರು 1992ರಿಂದ 1995ರವರೆಗೆ, ಎಂಜಿನ್ ವೈರಿಂಗಿನ ಹೊದಿಕೆ ಬಿಸಿಗೆ ಪುಡಿಯಾಗಿ ಉದುರುವ ದೋಷವಿತ್ತು. 1995ರ ಡಬ್ಲ್ಯೂ210, ದುಂಡು ಕಣ್ಣಿನ ಇ-ಕ್ಲಾಸ್, ತುಕ್ಕಿಗೆ ಕುಖ್ಯಾತವಾಯಿತು. 1997ರಲ್ಲಿ ಹೊಸ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯೊಂದರಲ್ಲಿ ದಿಢೀರನೆ ಪಕ್ಕಕ್ಕೆ ತಿರುಗಿಸಿದಾಗ ಮಗುಚಿಬಿದ್ದು, ಕಂಪನಿ ಅದಕ್ಕೆ ಇಎಸ್‌ಪಿ ಅಳವಡಿಸಬೇಕಾಯಿತು. 2002ರ ಡಬ್ಲ್ಯೂ211ರಲ್ಲಿದ್ದ ವಿದ್ಯುನ್ಮಾನ ಬ್ರೇಕಿಗಾಗಿ 2004ರಲ್ಲೂ 2005ರಲ್ಲೂ ಕಾರುಗಳನ್ನು ವಾಪಸು ಕರೆದು, 2006ರಲ್ಲಿ ಆ ವ್ಯವಸ್ಥೆಯನ್ನೇ ಇ-ಕ್ಲಾಸ್‌ನಿಂದ ಕೈಬಿಟ್ಟರು.

ಇಷ್ಟು ತಿಳಿದ ಮೇಲೆ ಕಾರಿನ ಬಳಿ ಹೋಗಿ. ಮೊದಲು ನೋಡಬೇಕಾದದ್ದು ಬಣ್ಣವಲ್ಲ, ಚಾಸಿ ಸಂಖ್ಯೆ. ಜರ್ಮನಿಯಲ್ಲಿ ತಯಾರಾದ, 1980ರ ದಶಕದಿಂದೀಚಿನ ಕಾರಿನ 17 ಅಕ್ಷರಗಳ ಸಂಖ್ಯೆಯು ಸಾಮಾನ್ಯವಾಗಿ ಡಬ್ಲ್ಯೂಡಿಬಿ ಎಂದು ಆರಂಭವಾಗುತ್ತದೆ. ಮುಂದಿನ ಮೂರು ಅಂಕಿಗಳೇ ಸರಣಿ. ಅಲ್ಲಿ 124 ಎಂದಿದ್ದು, ಡಿಕ್ಕಿಯ ಮೇಲೆ ಬೇರೆ ಯಾವುದೋ ಹೊಸ ಬ್ಯಾಡ್ಜ್ ಅಂಟಿಸಿದ್ದರೆ ನಂಬಬೇಕಾದದ್ದು ಅಂಕಿಯನ್ನು. ಯೂರೋಪಿನ ಕ್ರಮದ ಸಂಖ್ಯೆಯಲ್ಲಿ ಹತ್ತನೆಯ ಸ್ಥಾನದಲ್ಲಿ 1 ಇದ್ದರೆ ಎಡಗೈ ಸ್ಟೀರಿಂಗ್, 2 ಇದ್ದರೆ ಬಲಗೈ ಸ್ಟೀರಿಂಗ್. ಅಲ್ಲಿ 1 ಇದ್ದು ಸ್ಟೀರಿಂಗ್ ಬಲಕ್ಕಿದ್ದರೆ, ಯಾರೋ ಎಲ್ಲೋ ಬಿಚ್ಚಿ ಕಟ್ಟಿದ್ದಾರೆಂದೇ ಅರ್ಥ. ಆರ್‌ಸಿಯಲ್ಲಿರುವ ಸಂಖ್ಯೆಯೂ ಲೋಹದ ಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿರಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ನೋಡಲು ಒಳ್ಳೆಯ ಕಾಲ ಜುಲೈ. ಆಯುಧಪೂಜೆಗೆ ಮನೆಯಂಗಳದಲ್ಲಿ ಕಾರು ನಿಂತಿರಬೇಕೆಂಬ ಆತುರದಲ್ಲಿ ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟ ಮೇಲೆ ನೋಡಲು ಹೋಗುವವರೇ ಹೆಚ್ಚು; ಆಗ ಎಲ್ಲವೂ ಒಣಗಿ, ತೊಳೆದು, ಪಾಲಿಶ್ ಆಗಿರುತ್ತದೆ. ಜೋರು ಮಳೆಯಲ್ಲಿ ನಾಲ್ಕು ದಿನ ನೆನೆದ ಕಾರು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಮುಂದಿನ ಎರಡೂ ಮ್ಯಾಟುಗಳನ್ನು ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಟೈರನ್ನು ಹೊರಗಿಟ್ಟು ಅದರ ಗುಣಿಯಲ್ಲಿ ನೀರೋ ಕೆಂಪು ಹುಡಿಯೋ ಇದೆಯೇ ಗಮನಿಸಿ. ಸೀಟಿನ ಹಳಿಗಳಲ್ಲಿ, ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ಆ ಕಾರು ನೆರೆನೀರಿನಲ್ಲಿ ನಿಂತದ್ದೆಂದು ತಿಳಿದು ವಾಪಸು ಬನ್ನಿ. ಎಷ್ಟು ಇಳಿಸಿದರೂ ಅದು ಅಗ್ಗವಲ್ಲ.

ತುಕ್ಕನ್ನು ಹುಡುಕಲು ರ‍್ಯಾಂಪ್ ಇರುವ ಗ್ಯಾರೇಜು, ಟಾರ್ಚು ಮತ್ತು ಬಟ್ಟೆ ಸುತ್ತಿದ ಅಯಸ್ಕಾಂತ ಬೇಕು. ಜ್ಯಾಕ್ ಕೊಡುವ ಜಾಗಗಳು, ಚಕ್ರದ ಕಮಾನುಗಳು, ಬ್ಯಾಟರಿಯ ಅಡಿಯ ತಟ್ಟೆ, ಮುಂಗಾಜಿನ ಕೆಳಮೂಲೆಗಳು, ಡಬ್ಲ್ಯೂ210 ಆದರೆ ಮುಂದಿನ ಸ್ಪ್ರಿಂಗ್ ಕೂರುವ ಜಾಗ, ಇಷ್ಟನ್ನು ಬಿಡದೆ ನೋಡಿ. ಅಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಪುಟ್ಟಿ ಇದೆ. ಬಾಗಿಲಿನ ಟಿಂಕರಿಂಗ್ ಕೆಲಸವನ್ನು ಕ್ಷಮಿಸಬಹುದು. ಚಾಸಿಯ ಅಡಿಯಲ್ಲಿ ತಗಡು ಬೆಸೆದದ್ದನ್ನು ಕ್ಷಮಿಸಬಾರದು. ಎಂಜಿನ್ ಕೆಲಸ ಮಾಡಿಸಬಹುದು, ಗೇರ್‌ಬಾಕ್ಸ್ ತರಿಸಬಹುದು, ಕೊಳೆತ ಒಡಲಿಗೆ ಮಾತ್ರ ಕೊಡಗಿನ ಮಳೆಯಲ್ಲಿ ಮದ್ದಿಲ್ಲ.

ಎಂಜಿನ್ ಪರೀಕ್ಷೆಗೆ ಬೆಳಿಗ್ಗೆ ಬೇಗ ಹೋಗಿ, ನೀವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಟ್ಟಿದ್ದಾರೆ. ಹಳೆಯ ಡೀಸೆಲ್ ಆದರೆ ಕೀ ತಿರುಗಿಸಿ, ಹೀಟರ್ ಪ್ಲಗ್‌ನ ದೀಪ ಆರುವವರೆಗೆ ಕಾದು, ಅನಂತರ ಸ್ಟಾರ್ಟ್ ಮಾಡಬೇಕು. ಆರಂಭದ ತುಸು ಹೊಗೆ ಸಹಜ; ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಡಬ್ಲ್ಯೂ123 ಡೀಸೆಲ್‌ಗಳಲ್ಲಿ ಕೀ ತೆಗೆದ ಮೇಲೂ ಎಂಜಿನ್ ನಿಲ್ಲದೆ ಓಡುತ್ತಿದ್ದರೆ ಗಾಬರಿಯಾಗಬೇಡಿ: ಅದನ್ನು ನಿಲ್ಲಿಸುವುದು ನಿರ್ವಾತದ ರಬ್ಬರ್ ಕೊಳವೆಗಳ ವ್ಯವಸ್ಥೆ, ಬಾಗಿಲುಗಳ ಬೀಗವೂ ಅದರಿಂದಲೇ ನಡೆಯುತ್ತದೆ. ಎಲ್ಲೋ ಒಂದು ಕೊಳವೆ ಬಿರಿದಿದೆ, ಅಷ್ಟೆ. ಬಾನೆಟ್ ಅಡಿಯ ಸ್ಟಾಪ್ ಸನ್ನೆಯನ್ನು ಒತ್ತಿದರೆ ಎಂಜಿನ್ ನಿಲ್ಲುತ್ತದೆ. ದುರಸ್ತಿ ದೊಡ್ಡದಲ್ಲ, ಚೌಕಾಶಿಗೆ ಮಾತ್ರ ಒಳ್ಳೆಯ ಕಾರಣ.

ಓಡಿಸಿ ನೋಡಲು ಕುಶಾಲನಗರದಿಂದ ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿಗೆ ಬರುವ ದಾರಿ ಸಾಕು. ನೇರ ರಸ್ತೆ, ಏರು, ತಿರುವು ಮೂರೂ ಅಲ್ಲಿವೆ. 240ಡಿ ಆದರೆ ಏರಿನಲ್ಲಿ ತಾಳ್ಮೆ ಬೇಕು, ಕೊನೆಯ ವರ್ಷಗಳ ಕಾರಿಗೂ 72 ಅಶ್ವಶಕ್ತಿ ಮಾತ್ರ. ಏರಿನಲ್ಲಿ ತುಸು ಮೇಲೆ ಹೋದ ಉಷ್ಣತೆಯ ಮುಳ್ಳು ಸಮತಟ್ಟಿನಲ್ಲಿ ಕೆಳಗಿಳಿಯಬೇಕು. ಇಳಿಯದಿದ್ದರೆ ರೇಡಿಯೇಟರೋ ಫ್ಯಾನೋ ಕೈಕೊಟ್ಟಿದೆ. ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪಗಳು ಕೀ ತಿರುಗಿಸಿದಾಗ ಹೊತ್ತಿ, ಅನಂತರ ಆರಬೇಕು. ಹೊತ್ತದೇ ಇರುವ ದೀಪ ಹೊತ್ತಿಯೇ ಇರುವ ದೀಪಕ್ಕಿಂತ ಕೆಟ್ಟದ್ದು, ಏಕೆಂದರೆ ಬಲ್ಬನ್ನು ಯಾರೋ ಕಿತ್ತಿರುತ್ತಾರೆ.

ಮೀಟರನ್ನು ನೆಚ್ಚಿಕೊಳ್ಳಬೇಡಿ. ಒಮ್ಮೆ ದಲ್ಲಾಳಿಯೊಬ್ಬರು ನನಗೆ ತೋರಿಸಿದ ಕಾರಿನಲ್ಲಿ ಮೀಟರು 62,000 ಕಿ.ಮೀ. ಎನ್ನುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಸವೆದು ಕೆಳಗಿನ ಲೋಹ ಹೊಳೆಯುತ್ತಿತ್ತು, ಸ್ಟೀರಿಂಗಿನ ತೊಗಲು ಗಾಜಿನಂತೆ ನುಣುಪಾಗಿತ್ತು. ಸರ್ವಿಸ್ ಪುಸ್ತಕ ಎಲ್ಲಿ ಎಂದು ಕೇಳಿದಾಗ ಅವರು ಚಹಾ ತರಿಸಿದರು. ನಾನು ಚಹಾ ಕುಡಿದು ಎದ್ದು ಬಂದೆ.

ಕಾಗದಪತ್ರದ ವಿಷಯದಲ್ಲಿ, ಖಾಸಗಿ ಕಾರಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದ್ದಾರೆಯೇ, ಬ್ಯಾಂಕ್ ಸಾಲದ ನಮೂದು ತೆಗೆಸಿದ್ದಾರೆಯೇ ನೋಡಿ. ಕೇರಳದ ನೋಂದಣಿಯಾದರೆ ಎನ್‌ಒಸಿ ಪಡೆದು, ಇಲ್ಲಿನ ತೆರಿಗೆ ಕಟ್ಟಿ, ಕೊಡಗಿನ ನೋಂದಣಿಯಾದ ಕೆಎ-12ಕ್ಕೆ ಬರುವ ಖರ್ಚನ್ನು ಕಾರಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಇರುವುದನ್ನೆಲ್ಲ ಕಾರಿಗೇ ಸುರಿಯದೆ ಮೊದಲ ವರ್ಷದ ಬುಷ್, ಬಾಲ್ ಜಾಯಿಂಟ್, ಟೈರು, ಆಯಿಲ್‌ಗಳಿಗೆ ಹಣ ಎತ್ತಿಡಬೇಕು. ಡಬ್ಲ್ಯೂ123, ಡಬ್ಲ್ಯೂ124 ಸರಣಿಗಳನ್ನು ಪಳಗಿದ ಮೆಕ್ಯಾನಿಕ್ ಕೈಯಿಂದಲೇ ಬಿಚ್ಚಿ ಕಟ್ಟಬಲ್ಲರು. ನಂತರದ ಕಾರುಗಳಿಗೆ ಕಂಪ್ಯೂಟರ್ ಹಚ್ಚಿ ನೋಡುವವರು ಬೇಕು, ಅದಕ್ಕಾಗಿ ಘಟ್ಟ ಇಳಿಯಬೇಕಾದೀತು.

ಕೊಂಡ ಮೇಲೆ ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ನಾನು ಮೊದಲ ಮಳೆಗಾಲದಲ್ಲಿ ಕಾರನ್ನು ಶೆಡ್ಡಿನ ಹೊರಗೆ, ಸಿಲ್ವರ್ ಓಕ್ ಮರದ ಅಡಿಯಲ್ಲಿ ಬಿಟ್ಟಿದ್ದೆ. ಅದರ ಎಲೆ ಒದ್ದೆಯಾದರೆ ಹರಿದ ಬಟ್ಟೆಯಂತೆ ಅಂಟಿಕೊಳ್ಳುತ್ತದೆ. ಮುಂಗಾಜಿನ ಕೆಳಗೆ ನೀರು ಹರಿದುಹೋಗುವ ತೂತುಗಳೆಲ್ಲ ಮುಚ್ಚಿ, ಕಕ್ಕಡ ಎಂಬ ಕೊಡವರ ಮಳೆ ತಿಂಗಳು ಮುಗಿಯುವಷ್ಟರಲ್ಲಿ ನೀರು ಕಾಲಿಡುವ ಜಾಗಕ್ಕೆ ಇಳಿದಿತ್ತು. ತಪ್ಪು ಪೂರ್ತಿ ನನ್ನದೇ. ಈಗ ಜೂನ್ ಮೊದಲ ವಾರದಲ್ಲಿ ಬಾನೆಟ್ ಎತ್ತಿ, ಆ ಕಾಲುವೆಯಿಂದ ಎಲೆಗಳನ್ನು ಬೆರಳಿನಿಂದ ಹೆಕ್ಕಿ ತೆಗೆದು, ಒಂದು ಚೊಂಬು ನೀರು ಹೊಯ್ದು ಅದು ಎರಡೂ ಚಕ್ರಗಳ ಹಿಂದೆ ನೆಲಕ್ಕೆ ಬೀಳುವುದನ್ನು ಕಂಡ ಮೇಲೆಯೇ ಬಾನೆಟ್ ಮುಚ್ಚುತ್ತೇನೆ.