ಬರ್ನ್ ಮುಗಿದರೆ ಸಾಲದು: ಡಿವಿಡಿ ಬರ್ನರ್‌ನ ವೇಗ, ಡಿಸ್ಕ್‌ನ ಗುಣಮಟ್ಟ ಪರೀಕ್ಷಿಸಿದ ನನ್ನ ಅನುಭವ

ಮನೆಯಲ್ಲಿದ್ದ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿ ಡಿವಿಡಿಗೆ ಬರೆದಿಡುವ ಕೆಲಸಕ್ಕೆ ಕೈ ಹಾಕಿದ್ದೆ. ಸುಮಾರು ನಲವತ್ತು ಡಿಸ್ಕ್ ಆದವು. ಬರ್ನ್ (ಲೇಸರ್‌ನಿಂದ ಸುಟ್ಟು ಬರೆಯುವುದು) ಯಶಸ್ವಿಯಾಗಿ ಮುಗಿಯಿತು ಅಂತ ಪ್ರತಿ ಸಲವೂ ಸಂದೇಶ ಬಂದಿತ್ತು. ಎಂಟು ತಿಂಗಳಾದ ಮೇಲೆ ಒಂದು ಡಿಸ್ಕ್ ತೆಗೆದು ಹಾಕಿದೆ. ಮುಕ್ಕಾಲು ಭಾಗ ಚೆನ್ನಾಗಿಯೇ ಓಡಿತು. ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಕೊನೆಗೆ ನಿಂತೇ ಹೋಯಿತು. ಪುಣ್ಯಕ್ಕೆ ಆ ಕ್ಯಾಸೆಟ್ ಇನ್ನೂ ನನ್ನ ಹತ್ತಿರವೇ ಇತ್ತು.

ಆಗ ನನಗೆ ಗೊತ್ತಿದ್ದದ್ದು ವೇಗ ಒಂದೇ. 16ಎಕ್ಸ್ ಡ್ರೈವ್, 16ಎಕ್ಸ್ ಡಿಸ್ಕ್, ಬೇಗ ಮುಗಿಯುತ್ತದೆ ಅಂತ ಖುಷಿ. ಈ ವಿಷಯದಲ್ಲಿ ಪಳಗಿದ ಗೆಳೆಯನೊಬ್ಬನಿಗೆ ನಡೆದದ್ದನ್ನು ಹೇಳಿದೆ. ಅವನು ಕೇಳಿದ್ದು ಇಷ್ಟೇ: "ಎಷ್ಟು ಬೇಗ ಬರೀತು ಅಂತ ಹೇಳ್ತಿದ್ದೀಯ. ಹೇಗೆ ಬರೆದಿದೆ ಅಂತ ಯಾವತ್ತಾದ್ರೂ ನೋಡಿದ್ದೀಯಾ?" ನೋಡಿರಲಿಲ್ಲ. ಅವತ್ತಿನಿಂದ ನೋಡಲು ಶುರು ಮಾಡಿದೆ.

ಮೊದಲು ವೇಗದ ಲೆಕ್ಕ. ಡಿವಿಡಿಯಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಸಿಡಿಯ 1ಎಕ್ಸ್ ಬರೀ 150 ಕೆಬಿ. ಎರಡನ್ನೂ ಹೋಲಿಸಲು ಹೋದರೆ ತಲೆ ಕೆಡುತ್ತದೆ. ಹಾಗಾದರೆ 16ಎಕ್ಸ್ ಎಂದರೆ ಸೆಕೆಂಡಿಗೆ 22 ಎಂಬಿ. ಆ ಲೆಕ್ಕದಲ್ಲಿ 4.7 ಜಿಬಿ ಡಿಸ್ಕ್ ಮೂರೂವರೆ ನಿಮಿಷದಲ್ಲಿ ಮುಗಿಯಬೇಕು, ಅಲ್ವಾ? ಮುಗಿಯುವುದಿಲ್ಲ. ಡ್ರೈವ್ ಡಿಸ್ಕನ್ನು ಒಂದೇ ಸಮ ತಿರುಗಿಸುತ್ತಾ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ. ಒಳಸುತ್ತು ಚಿಕ್ಕದು, ಹೊರಸುತ್ತು ದೊಡ್ಡದು. ಹಾಗಾಗಿ ಶುರುವಿನಲ್ಲಿ ವೇಗ 6.6ಎಕ್ಸ್ ಹತ್ತಿರ ಇರುತ್ತದೆ. 16 ಮುಟ್ಟುವುದು ಡಿಸ್ಕ್‌ನ ಅಂಚಿನಲ್ಲಿ ಮಾತ್ರ. ಸರಾಸರಿ 12ರ ಆಸುಪಾಸು. ಶುರುವಿಗೂ ಕೊನೆಗೂ ಹಿಡಿಯುವ ಸಮಯವೂ ಸೇರಿ ಐದೂವರೆಯಿಂದ ಆರು ನಿಮಿಷ ಆಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವುದು ಆ ಕೊನೆಯ ಕ್ಷಣದ ವೇಗ.

ನೀರೊ ಸಿಡಿ-ಡಿವಿಡಿ ಸ್ಪೀಡ್ ಎಂಬ ತಂತ್ರಾಂಶದಲ್ಲಿ ಪರೀಕ್ಷೆಗೆಂದೇ ಇಡೀ ಡಿಸ್ಕ್ ತುಂಬಾ ದತ್ತಾಂಶ ಬರೆದು, ಬರೆಯುವಾಗಲೇ ಗ್ರಾಫ್ ಹಾಕುವ ಸೌಲಭ್ಯ ಇದೆ. ಹಸಿರು ಗೆರೆ ವೇಗ, ಹಳದಿ ಗೆರೆ ಡಿಸ್ಕ್ ತಿರುಗುವ ಪರಿ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ಗಳಲ್ಲಿ ಡಿವಿಡಿ-ಆರ್, ಡಿವಿಡಿ+ಆರ್ ಎಂದು ಎರಡು ಬಗೆ. ಡಿವಿಡಿ-ಆರ್ ಆದರೆ ನಿಜವಾಗಿ ಸುಡದೆ ಅಣಕು ಬರವಣಿಗೆಯನ್ನೂ ಮಾಡಿಸಬಹುದು. ಡಿವಿಡಿ+ಆರ್‌ನಲ್ಲಿ ಆ ದಾರಿ ಇಲ್ಲ. ಅಣಕು ಪರೀಕ್ಷೆಯಿಂದ ವೇಗ ತಿಳಿಯಬಹುದೇ ಹೊರತು ಗುಣಮಟ್ಟ ತಿಳಿಯುವುದಿಲ್ಲ. ಒಂದು ಡಿಸ್ಕ್ ಹೋದರೆ ಹೋಗಲಿ ಅಂತ ನಾನು ನಿಜವಾಗಿಯೇ ಬರೆದೆ.

ಮೊದಲ ಗ್ರಾಫ್ ನೋಡಿ ಗಾಬರಿಯಾಯಿತು. ಗೆರೆ ಮೇಲಕ್ಕೆ ಏರುವುದರ ಬದಲು 4ಎಕ್ಸ್ ಹತ್ತಿರವೇ ಗರಗಸದ ಹಲ್ಲಿನಂತೆ ಏಳುತ್ತಾ ಬೀಳುತ್ತಾ ಹೋಯಿತು. ಬರೆಯಬೇಕಾದ ದತ್ತಾಂಶ ಕಾದು ನಿಲ್ಲುವ ಬಫರ್ ಪದೇ ಪದೇ ಖಾಲಿ. ಪ್ರೊಸೆಸರ್ ಪೂರ್ತಿ ಬಳಕೆಯಲ್ಲಿ. ಮೌಸ್ ಕೂಡ ತಡವರಿಸುತ್ತಿತ್ತು. ಡ್ರೈವ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ನನ್ನದು ವಿಂಡೋಸ್ ಎಕ್ಸ್‌ಪಿ. ಡ್ರೈವನ್ನು ಕಂಪ್ಯೂಟರ್‌ಗೆ ಜೋಡಿಸುವ ಐಡಿಇ ಕೇಬಲ್‌ನಲ್ಲಿ ಆರು ಸಲ ತಪ್ಪು ಕಂಡರೆ ಅದು ಡ್ರೈವ್‌ನ ಡಿಎಂಎ (ಪ್ರೊಸೆಸರ್‌ಗೆ ಹೊರೆಯಾಗದಂತೆ ದತ್ತಾಂಶ ಸಾಗಿಸುವ ವಿಧಾನ) ಮಟ್ಟವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತದೆ. ಕೊನೆಗೆ ಎಲ್ಲವನ್ನೂ ಪ್ರೊಸೆಸರ್ ತಾನೇ ಸಾಗಿಸಬೇಕಾದ ನಿಧಾನದ ಪಿಐಒ ವಿಧಾನಕ್ಕೆ ತಂದು ನಿಲ್ಲಿಸುತ್ತದೆ. ಆಮೇಲೆ ತಾನಾಗಿ ಮೇಲೆ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲನ್ನು ತೆಗೆದುಹಾಕಿ ಕಂಪ್ಯೂಟರ್ ಮರಳಿ ಶುರು ಮಾಡಿದೆ. ಹಳೆಯ 40 ತಂತಿಯ ಕೇಬಲ್ ಬದಲು 80 ತಂತಿಯದು ಹಾಕಿದೆ. ಮರುದಿನ ಅದೇ ಡ್ರೈವ್ ನುಣ್ಣಗೆ ಮೇಲೇರುವ ಗೆರೆ ಬರೆಯಿತು. ಬಫರ್ ಖಾಲಿಯಾದರೂ ಡಿಸ್ಕ್ ಹಾಳಾಗದಂತೆ ಕಾಯುವ ವ್ಯವಸ್ಥೆ ಇಂದಿನ ಎಲ್ಲ ಡ್ರೈವ್‌ಗಳಲ್ಲೂ ಇದೆ. ಆದರೆ ಬರವಣಿಗೆ ನಿಂತು ಮತ್ತೆ ಶುರುವಾದ ಕಡೆಯೆಲ್ಲ ಒಂದು ಹೊಲಿಗೆ ಬೀಳುತ್ತದೆ. ಹೊಲಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು.

ಗ್ರಾಫ್‌ನಲ್ಲಿ ಅಲ್ಲಲ್ಲಿ ಒಂದೊಂದು ಸಣ್ಣ ಕುಸಿತ ಕಂಡರೆ ಹೆದರಬೇಕಿಲ್ಲ. ಎಷ್ಟೋ ಡ್ರೈವ್‌ಗಳು ನಡುವೆ ವೇಗ ಇಳಿಸಿ, ಲೇಸರ್‌ನ ಶಕ್ತಿಯನ್ನು ಮತ್ತೆ ಹೊಂದಿಸಿಕೊಂಡು ಮುಂದುವರಿಯುತ್ತವೆ. ನನ್ನ ಡ್ರೈವ್ ಕೂಡ ಹಾಗೆಯೇ ಮಾಡುತ್ತದೆ.

ವೇಗ ಸರಿಹೋಯಿತು. ನನ್ನ ಸತ್ತ ಡಿಸ್ಕ್‌ಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅದಕ್ಕೆ ಡಿವಿಡಿ ತಪ್ಪುಗಳನ್ನು ಹೇಗೆ ತಿದ್ದಿಕೊಳ್ಳುತ್ತದೆ ಅಂತ ತಿಳಿಯಬೇಕಾಯಿತು. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಡಿಸ್ಕ್‌ನಲ್ಲಿ ದತ್ತಾಂಶ 32 ಕೆಬಿ ಕಂತೆಗಳಲ್ಲಿ ಕೂರುತ್ತದೆ. ಒಂದೊಂದು ಕಂತೆಯೂ 208 ಸಾಲು, ಸಾಲಿಗೆ 182 ಬೈಟ್ ಇರುವ ಚೌಕಟ್ಟು. ಪ್ರತಿ ಸಾಲಿನ ಕೊನೆಯ 10 ಬೈಟ್, ಮತ್ತೆ ಕೆಳಗಿನ 16 ಸಾಲು, ಇವು ತಿದ್ದುಪಡಿಗೆ ಮೀಸಲು. ಬಟ್ಟೆಯ ಹಾಸು ಹೊಕ್ಕಿನಂತೆ ಅಡ್ಡಕ್ಕೊಂದು, ಉದ್ದಕ್ಕೊಂದು ಕಾವಲು. ಅಡ್ಡದ ಕಾವಲಿನ ಹೆಸರು ಪಿಐ, ಉದ್ದದ್ದು ಪಿಒ. ಸಾಲಿನಲ್ಲಿ ತಪ್ಪು ಕಂಡರೆ ಅದನ್ನು ಪಿಐ ಎರರ್ ಎಂದು ಎಣಿಸುತ್ತಾರೆ. ಒಂದು ಸಾಲಿನಲ್ಲಿ 5 ಬೈಟ್‌ವರೆಗೆ ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ. ಅದಕ್ಕೂ ಜಾಸ್ತಿ ಇದ್ದರೆ ಆ ಸಾಲು ಕೈ ಚೆಲ್ಲುತ್ತದೆ. ಅದು ಪಿಐ ಫೇಲ್ಯೂರ್. ಆಗ ಉದ್ದದ ಕಾವಲು ಕೆಲಸಕ್ಕೆ ಇಳಿಯುತ್ತದೆ. ಅದೂ ಸೋತರೆ ಪಿಒ ಫೇಲ್ಯೂರ್. ಅಲ್ಲಿಗೆ ಆ ದತ್ತಾಂಶ ಹೋಯಿತು ಅಂತಲೇ ಅರ್ಥ.

ಹಾಗಾಗಿ ಯಾವ ಡಿಸ್ಕೂ ತಪ್ಪಿಲ್ಲದೆ ಇರುವುದಿಲ್ಲ. ಕೇಳಬೇಕಾದದ್ದು ಎಷ್ಟು ಅಂತ. ಸಾಲಾಗಿ ಬರುವ 8 ಕಂತೆಗಳಲ್ಲಿ ಪಿಐ ಎರರ್ 280 ಮೀರಬಾರದು ಎನ್ನುವುದು ಡಿವಿಡಿಯ ಮಾನದಂಡ. ಪಿಐ ಫೇಲ್ಯೂರ್ ಒಂದು ಕಂತೆಗೆ 4 ಮೀರಬಾರದು ಎನ್ನುವುದು ಪರೀಕ್ಷೆ ಮಾಡುವವರೆಲ್ಲ ಇಟ್ಟುಕೊಂಡಿರುವ ಅಳತೆ. ಪಿಒ ಫೇಲ್ಯೂರ್ ಸೊನ್ನೆ ಇರಲೇಬೇಕು.

ಇದನ್ನು ಎಣಿಸಿ ಹೇಳುವ ಶಕ್ತಿ ಎಲ್ಲ ಡ್ರೈವ್‌ಗಳಿಗೂ ಇಲ್ಲ. ನನ್ನ ಬರ್ನರ್‌ಗೆ ಇರಲಿಲ್ಲ. ಗೆಳೆಯ ತನ್ನ ಹಳೆಯ ಲೈಟ್-ಆನ್ ಡ್ರೈವ್ ಕೊಟ್ಟ. ಅದರಲ್ಲಿ ತಪ್ಪು ಎಣಿಸುವ ಕೆಪ್ರೋಬ್ ಎಂಬ ತಂತ್ರಾಂಶ ಕೂಡ ನಡೆಯುತ್ತದೆ, ನೀರೊ ತಂತ್ರಾಂಶವೂ ನಡೆಯುತ್ತದೆ. ಲಿನಕ್ಸ್ ಬಳಸುವವರಿಗೆ ಕ್ಯೂಪಿಎಕ್ಸ್‌ಟೂಲ್ ಇದೆ. ಒಂದು ಮಾತು ಮಾತ್ರ ನೆನಪಿರಲಿ: ಒಂದೊಂದು ಡ್ರೈವ್‌ನ ಎಣಿಕೆ ಒಂದೊಂದು ಥರ. ವೇಗ ಬದಲಿಸಿದರೂ ಅಂಕಿ ಬದಲಾಗುತ್ತದೆ. ನಾನು ಪ್ರತಿ ಸಲವೂ ಅದೇ ಡ್ರೈವ್, ಅದೇ 8ಎಕ್ಸ್ ಓದು ಅಂತ ಕಟ್ಟುನಿಟ್ಟಾಗಿ ಇಟ್ಟುಕೊಂಡೆ.

ಸತ್ತ ಡಿಸ್ಕನ್ನು ಮೊದಲು ಸ್ಕ್ಯಾನ್ ಮಾಡಿದೆ. 3 ಜಿಬಿ ತನಕ ಗ್ರಾಫ್ ತಗ್ಗಾಗಿ, ಶಾಂತವಾಗಿ ಇತ್ತು. ಅಲ್ಲಿಂದ ಗುಡ್ಡ ಹತ್ತಿದ ಹಾಗೆ ಏರಿತು. ಕೊನೆಯಲ್ಲಿ ಪಿಐ ಎರರ್ ಸಾವಿರ ದಾಟಿ, ಪಿಒ ಫೇಲ್ಯೂರ್ ಕೂಡ ಬಂದು ಓದು ನಿಂತಿತು. ತೊಂದರೆ ಇದ್ದದ್ದು ಪೂರ್ತಿ ಹೊರ ಅಂಚಿನಲ್ಲಿ. ವೇಗ ಅತಿ ಹೆಚ್ಚು ಇರುವುದೂ ಅಲ್ಲೇ. ಆ ಹೊತ್ತಿನಲ್ಲಿ ಡಿಸ್ಕ್ ನಿಮಿಷಕ್ಕೆ 9,000ಕ್ಕೂ ಹೆಚ್ಚು ಸುತ್ತು ಸುತ್ತುತ್ತಿರುತ್ತದೆ. ತಟ್ಟೆ ಸ್ವಲ್ಪ ಓರೆಯಿದ್ದರೂ, ಲೇಸರ್ ಗುರುತು ಮೂಡಿಸುವ ಬಣ್ಣದ ಪದರ ಅಂಚಿನಲ್ಲಿ ಸಮವಾಗಿ ಹರಡಿಲ್ಲದಿದ್ದರೂ ಲೇಸರ್‌ಗೆ ಗುರಿ ತಪ್ಪುತ್ತದೆ.

ಆಮೇಲೆ ಅದೇ ಕಟ್ಟಿನ ನಾಲ್ಕು ಖಾಲಿ ಡಿಸ್ಕ್ ತೆಗೆದುಕೊಂಡೆ. ಒಂದೇ ಫೈಲನ್ನು ನಾಲ್ಕು ವೇಗದಲ್ಲಿ ಬರೆದೆ. 16ಎಕ್ಸ್‌ನಲ್ಲಿ ಸುಮಾರು ಆರು ನಿಮಿಷ: ಪಿಐ ಎರರ್ ಗರಿಷ್ಠ 212, ಪಿಐ ಫೇಲ್ಯೂರ್ 11, ಎಲ್ಲವೂ ಅಂಚಿನಲ್ಲೇ. 12ಎಕ್ಸ್‌ನಲ್ಲಿ ಆರೂವರೆ ನಿಮಿಷ: 46 ಮತ್ತು 3. 8ಎಕ್ಸ್‌ನಲ್ಲಿ ಎಂಟು ನಿಮಿಷ ಚಿಲ್ಲರೆ: 19 ಮತ್ತು 2. 4ಎಕ್ಸ್‌ಗೆ ಹದಿನೈದು ನಿಮಿಷ ಹಿಡಿಯಿತು. ನಿಧಾನವಾಗಿ ಬರೆದದ್ದು ಎಲ್ಲಕ್ಕಿಂತ ಚೆನ್ನಾಗಿರುತ್ತದೆ ಅಂತ ಕಾದು ಕುಳಿತೆ. ಬಂದದ್ದು 83 ಮತ್ತು 5. ಅದೂ ಅಂಚಿನಲ್ಲಿ ಅಲ್ಲ, ಡಿಸ್ಕ್ ಉದ್ದಕ್ಕೂ.

ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ಡಿಸ್ಕ್‌ನಲ್ಲಿ 4ಎಕ್ಸ್ ಮತ್ತೆ ಬರೆದೆ. ಹೆಚ್ಚುಕಡಿಮೆ ಅದೇ ಅಂಕಿ. ಕಾರಣ ಆಮೇಲೆ ತಿಳಿಯಿತು. ಪ್ರತಿ ಡಿಸ್ಕ್‌ನಲ್ಲೂ ಅದನ್ನು ಮಾಡಿದವರ ಗುರುತಿನ ಸಂಕೇತ ಇರುತ್ತದೆ. ಡ್ರೈವ್ ಆ ಸಂಕೇತ ಓದಿ, ತನ್ನ ಫರ್ಮ್‌ವೇರ್‌ನಲ್ಲಿ (ಡ್ರೈವ್‌ನ ಒಳಗೇ ಇರುವ ತಂತ್ರಾಂಶ) ಆ ಡಿಸ್ಕ್‌ಗೆ ಬರೆದಿಟ್ಟ ವಿಧಾನ ಹುಡುಕುತ್ತದೆ. ಲೇಸರ್ ಎಷ್ಟು ಶಕ್ತಿಯಲ್ಲಿ, ಎಷ್ಟು ಹೊತ್ತು ಮಿಡಿಯಬೇಕು ಎನ್ನುವುದು ಅದರಲ್ಲಿ ಇರುತ್ತದೆ. 16ಎಕ್ಸ್ ಡಿಸ್ಕ್‌ನ ಬಣ್ಣದ ಪದರ ಜೋರು ವೇಗಕ್ಕೆಂದೇ ಮಾಡಿದ್ದು. ತೀರಾ ನಿಧಾನವಾಗಿ ಸುಟ್ಟರೆ ಗುರುತುಗಳು ಅಚ್ಚುಕಟ್ಟಾಗಿ ಮೂಡದೇ ಇರಬಹುದು. ನಿಧಾನವೇ ಒಳ್ಳೆಯದು ಎಂಬ ಮಾತು ಎಲ್ಲ ಕಡೆ ಕೇಳಿ ಬರುತ್ತದೆ. ನನ್ನ ಡ್ರೈವ್, ನನ್ನ ಡಿಸ್ಕ್ ಜೋಡಿಗೆ ಅದು ಸುಳ್ಳಾಯಿತು.

ಈ ಸಂಕೇತ ನೋಡುವುದು ಸುಲಭ. ಇಮ್ಗ್‌ಬರ್ನ್ ಎಂಬ ಡಿಸ್ಕ್ ಬರೆಯುವ ತಂತ್ರಾಂಶದಲ್ಲಿ ಖಾಲಿ ಡಿಸ್ಕ್ ಹಾಕಿದ ಕೂಡಲೇ ಬಲಗಡೆ ಕಾಣುತ್ತದೆ. ಪೆಟ್ಟಿಗೆ ಮೇಲಿನ ಹೆಸರಿಗಿಂತ ಇದು ಮುಖ್ಯ. ಒಂದೇ ಹೆಸರಿನ ಎರಡು ಕಟ್ಟು ತಂದಿದ್ದೆ. ಒಳಗಿನ ಸಂಕೇತ ಎರಡರಲ್ಲೂ ಬೇರೆ ಬೇರೆ. ಒಂದು 12ಎಕ್ಸ್‌ನಲ್ಲೂ ಚೆನ್ನಾಗಿ ಬರೆಯಿತು, ಇನ್ನೊಂದು 8ನ್ನು ದಾಟಿದರೆ ಸಾಕು, ಅಂಚಿನಲ್ಲಿ ಗುಡ್ಡ ಏಳುತ್ತಿತ್ತು. ಬರ್ನರ್‌ಗೆ ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಎರಡನೆಯದೂ ಸ್ವಲ್ಪ ಸುಧಾರಿಸಿತು. ಈಗ ಹೊಸ ಕಟ್ಟು ತಂದರೆ ಮೊದಲ ಎರಡು ಡಿಸ್ಕ್ ಪರೀಕ್ಷೆಗೇ ಮೀಸಲು.

ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಒಂದು ಡಿಸ್ಕ್‌ನ ನಡುವೆ ಪಿಐ ಫೇಲ್ಯೂರ್ ಇದ್ದಕ್ಕಿದ್ದಂತೆ 30ಕ್ಕೆ ನೆಗೆದಿತ್ತು. ಅದನ್ನು ಬಿಸಾಡುವುದರಲ್ಲಿದ್ದೆ. ಬೆಳಕಿಗೆ ಹಿಡಿದರೆ ಬೆರಳಚ್ಚು ಕಂಡಿತು. ಮೆತ್ತನೆಯ ಬಟ್ಟೆಯಿಂದ ಒಳಗಿನಿಂದ ಹೊರಗೆ ನೇರವಾಗಿ ಒರೆಸಿ ಮತ್ತೆ ಸ್ಕ್ಯಾನ್ ಮಾಡಿದೆ. 2ಕ್ಕೆ ಇಳಿಯಿತು. ಎಲ್ಲೋ ಒಂದು ಕಡೆ ಸೂಜಿಯಂತೆ ಎದ್ದ ಗೆರೆಗಿಂತ ಅಂಚಿನ ಕಡೆ ನಿಧಾನವಾಗಿ ಏರುವ ಗುಡ್ಡವೇ ನನಗೆ ಹೆಚ್ಚು ಚಿಂತೆಯ ವಿಷಯ.

ಸ್ಕ್ಯಾನ್ ಮಾಡಲು ಆಗದ ಡ್ರೈವ್ ಇದ್ದವರು ಕನಿಷ್ಠ ಓದುವ ವೇಗದ ಪರೀಕ್ಷೆ ಮಾಡಿ. ಬರೆದ ಡ್ರೈವ್‌ನಲ್ಲಿ ಅಲ್ಲ, ಬೇರೆಯದರಲ್ಲಿ. ಗೆರೆ ನುಣ್ಣಗೆ ಕೊನೆಯವರೆಗೂ ಏರಿದರೆ ಆ ಡಿಸ್ಕ್ ಇವತ್ತಿಗೆ ಸರಿಯಾಗಿ ಓದುತ್ತಿದೆ. ಕೊನೆಯಲ್ಲಿ ಕುಸಿದರೆ ಡ್ರೈವ್ ಅಲ್ಲಿ ಒದ್ದಾಡುತ್ತಿದೆ ಅಂತ ಅರ್ಥ. ಅದನ್ನು ಕೂಡಲೇ ಇನ್ನೊಂದಕ್ಕೆ ನಕಲು ಮಾಡಿಕೊಳ್ಳಿ.

ಆ ನಲವತ್ತು ಡಿಸ್ಕ್‌ಗಳನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿದೆ. ಮೂರು ವಾರ ಸಂಜೆ ಹೊತ್ತು ಅದೇ ಕೆಲಸ. ಒಂಬತ್ತನ್ನು 8ಎಕ್ಸ್‌ನಲ್ಲಿ ಹೊಸದಾಗಿ ಬರೆದೆ. 4.3 ಜಿಬಿವರೆಗೆ ತುಂಬಿಸುವ ಅಭ್ಯಾಸವನ್ನೂ ಬಿಟ್ಟೆ. ಈಗ 4 ಜಿಬಿಗೆ ನಿಲ್ಲಿಸಿ ಅಂಚನ್ನು ಖಾಲಿ ಬಿಡುತ್ತೇನೆ. ಪ್ರತಿ ಡಿಸ್ಕ್‌ನ ಕವರ್ ಮೇಲೆ ದಿನಾಂಕ, ಸಂಕೇತ, ಬರೆದ ವೇಗ, ಗರಿಷ್ಠ ಪಿಐ ಫೇಲ್ಯೂರ್ ಇಷ್ಟನ್ನೂ ಬರೆದಿಡುತ್ತೇನೆ. ವರ್ಷಕ್ಕೊಮ್ಮೆ ಕೆಲವನ್ನು ತೆಗೆದು ಮತ್ತೆ ಸ್ಕ್ಯಾನ್ ಮಾಡುತ್ತೇನೆ. ಕಳೆದ ಸಲ ಹತ್ತು ತೆಗೆದಿದ್ದೆ. ಎಂಟರ ಅಂಕಿ ಹಾಗೆಯೇ ಇತ್ತು. ಎರಡರದ್ದು 2ರಿಂದ 4ಕ್ಕೆ ಬಂದಿತ್ತು. ಆ ಎರಡಕ್ಕೂ ಅವತ್ತೇ ಹೊಸ ಪ್ರತಿ ಮಾಡಿದೆ.