ನಾಲ್ಕು ಸಂಸ್ಥೆ, ಎರಡು ಮೀಟಿಂಗ್ ರೂಮು, ಒಂದು ಪೆನ್ನು

ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ನಾಲ್ಕು ಸಂಸ್ಥೆಗಳಿವೆ. ಮೀಟಿಂಗ್ ರೂಮು ಎರಡೇ, ಪ್ರೊಜೆಕ್ಟರ್ ಒಂದೇ. ಮೊದಲೆಲ್ಲ ಬುಕಿಂಗ್ ನಡೆಯುತ್ತಿದ್ದದ್ದು ಕೆಳಗೆ ಸೆಕ್ಯೂರಿಟಿ ಮೇಜಿನ ಮೇಲಿನ ಉದ್ದ ರಿಜಿಸ್ಟರಿನಲ್ಲಿ. ಒಬ್ಬರ ಹೆಸರು ಹೊಡೆದು ಇನ್ನೊಬ್ಬರದು ಬರೆದ ಪುಟಗಳೇ ಹೆಚ್ಚು. ಯಾರು ಹೊಡೆದದ್ದು ಅಂತ ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಎಲ್ಲರಿಗೂ ಸೇರಿ ಒಂದು ವೆಬ್ ಆ್ಯಪ್ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದರು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಮೇಲೆ ಎರಡು ವಾರದಲ್ಲಿ ಮಾಡಿಕೊಟ್ಟೆ. ಮೊದಲ ಸೋಮವಾರವೇ ಎಡವಟ್ಟು. ಬೆಳಿಗ್ಗೆ 11ಕ್ಕೆ ದೊಡ್ಡ ರೂಮಿನ ಬಾಗಿಲಲ್ಲಿ ಎರಡು ತಂಡ, ಇಬ್ಬರ ಮೊಬೈಲಿನಲ್ಲೂ ಹಸಿರು ಟಿಕ್. ನನ್ನ ಕೋಡು ಮೊದಲು ರೂಮು ಖಾಲಿ ಇದೆಯಾ ಅಂತ ನೋಡಿ, ಆಮೇಲೆ ಬರೆಯುತ್ತಿತ್ತು. ಆ ಸಂದಿಯಲ್ಲಿ ಇನ್ನೊಬ್ಬರೂ ನೋಡಿದ್ದರು. ಅವರಿಗೂ ಖಾಲಿ ಅಂತಲೇ ಕಂಡಿತ್ತು. "ಪುಸ್ತಕದಲ್ಲಿ ಹಿಂಗಾಗ್ತಿರಲಿಲ್ಲ ಸಾರ್, ಪೆನ್ನು ಒಂದೇ ಇತ್ತಲ್ಲ" ಅಂದರು ಸೆಕ್ಯೂರಿಟಿಯವರು.

ಆ ಒಂದೇ ಪೆನ್ನನ್ನು ಡೇಟಾಬೇಸಿನ ಕೈಗೆ ಕೊಟ್ಟೆ. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಅನ್ನುವ ನಿಯಮ ಹಾಕಿದರೆ, ಒಂದೇ ರೂಮಿಗೆ ಎರಡು ಸಮಯ ಒಂದರ ಮೇಲೊಂದು ಬಿದ್ದಾಗ ಎರಡನೆಯದನ್ನು ಪೋಸ್ಟ್‌ಗ್ರೆಸ್ಸೇ ತಳ್ಳಿಹಾಕುತ್ತದೆ. ರೂಮಿನ ನಂಬರನ್ನೂ ಅದರಲ್ಲೇ ಹೋಲಿಸಲು ಬಿಟ್ರೀ ಜಿಸ್ಟ್ ಅನ್ನುವ ಎಕ್ಸ್‌ಟೆನ್ಶನ್, ಅಂದರೆ ಪೋಸ್ಟ್‌ಗ್ರೆಸ್ಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ, ಬೇಕು. ಅದು ಗೊತ್ತಾಗದೆ ಅರ್ಧ ದಿನ ಹೋಯಿತು. 11ರಿಂದ 12, 12ರಿಂದ 1 ಬುಕಿಂಗ್‌ಗಳಿಗೆ ಜಗಳವಿಲ್ಲ. ಶುರು ಮತ್ತು ಕೊನೆಯನ್ನು ಒಟ್ಟಿಗೆ ಇಡುವ ರೇಂಜ್ ಟೈಪಿನಲ್ಲಿ, ನಾವಾಗಿ ಬದಲಿಸದಿದ್ದರೆ, ಶುರುವಾಗುವ ಗಳಿಗೆ ಲೆಕ್ಕಕ್ಕುಂಟು, ಮುಗಿಯುವ ಗಳಿಗೆ ಲೆಕ್ಕಕ್ಕಿಲ್ಲ.

ನಿದ್ದೆ ಕೆಡಿಸಿದ್ದು ಬೇರೆಯೇ. ನಮ್ಮಲ್ಲೊಂದು ಸಂಸ್ಥೆ ಮಹಿಳೆಯರಿಗೆ ಆಪ್ತ ಸಮಾಲೋಚನೆ ಮಾಡುತ್ತದೆ. ಅವರ ಬುಕಿಂಗಿನಲ್ಲಿ ಬರುವವರ ಹೆಸರೇ ಇತ್ತು, ಅದು ನಾಲ್ಕೂ ಸಂಸ್ಥೆಯವರಿಗೆ ಕಾಣುತ್ತಿತ್ತು. ಅವರೇ ಬಂದು ಮೆತ್ತಗೆ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅಂದೇ ಸಂಜೆ ಬೇರೆಯವರಿಗೆ ಸಮಯ ಮತ್ತು ‘ಬುಕ್ ಆಗಿದೆ’ ಎರಡನ್ನೇ ಕೊಡುವ ವ್ಯೂ, ಅಂದರೆ ಡೇಟಾಬೇಸಿನಿಂದ ಆಯ್ದದ್ದನ್ನಷ್ಟೇ ತೋರಿಸುವ ಕಿಟಕಿ, ಮಾಡಿದೆ. ಪರದೆಯ ಮೇಲೆ ಮುಚ್ಚಿದರೆ ಸಾಲದು, ಬ್ರೌಸರಿಗೆ ಹೋಗುವ ಡೇಟಾದಲ್ಲೇ ಹೆಸರಿರಬಾರದು.

ಮತ್ತೆ ‘ಪ್ರತಿ ಸೋಮವಾರ’ ಅಂತ ಮರುಕಳಿಸುವ ಬುಕಿಂಗಿನ ಕಾಟ. ಕ್ಯಾಲೆಂಡರ್ ಆ್ಯಪ್‌ಗಳು ಬಳಸುವ ಐಕ್ಯಾಲೆಂಡರ್ ಫೈಲಿನಲ್ಲಿ ಕೊನೆ ದಿನಾಂಕವೋ ಎಷ್ಟು ಸಲ ಅನ್ನುವ ಲೆಕ್ಕವೋ ಇಲ್ಲದಿದ್ದರೆ ಅದು ಎಂದೆಂದಿಗೂ ಅಂತಲೇ ಅರ್ಥ. ಮ್ಯಾನೇಜರೊಬ್ಬರು ಹೀಗೆ ಜೀವಮಾನಕ್ಕೇ ರೂಮು ಹಿಡಿದಿದ್ದರು. 90 ದಿನಕ್ಕೆ ಕತ್ತರಿಸಿದೆ. ಫೋನ್ ಬಂತು, ಎತ್ತಲಿಲ್ಲ.

ರಿಜಿಸ್ಟರು ಇನ್ನೂ ಮೇಜಿನ ಮೇಲೇ ಇದೆ. ಪ್ರೊಜೆಕ್ಟರಿನ ರಿಮೋಟ್ ಯಾರು ಒಯ್ದರು ಅಂತ ಈಗಲೂ ಅದರಲ್ಲೇ ಬರೆಯುತ್ತಾರೆ. ಅದಕ್ಕೆ ನಾನು ಕೈ ಹಾಕಿಲ್ಲ.