ಜೋಸನ್ ಕಾಲದ ಹೆಂಗಸರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಬೆಂಗಳೂರಿನಲ್ಲಿ ಕೂತು ಕೊರಿಯಾದ ಸ್ತ್ರೀ ಇತಿಹಾಸದ ಮೇಲೆ ಪ್ರಬಂಧ ಬರೆಯುವವರಿಗೆ ಮೂಲ ಆಕರದ ಕೊರತೆಯಿಲ್ಲ. ಕೊರಿಯಾವನ್ನು ಆಳಿದ ಜೋಸನ್ ರಾಜವಂಶದ ಅರಮನೆಯ ವೃತ್ತಾಂತ ‘ಸಿಲ್ಲೋಕ್’, 1392ರಿಂದ 1863ರವರೆಗಿನ 25 ರಾಜರದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಹಳೆಯ ಚೀನೀ ಬರಹದ ಮೂಲ, ಜೊತೆಗೆ ಆಧುನಿಕ ಕೊರಿಯನ್ ಅನುವಾದ. ತೊಡಕಿರುವುದು ಹುಡುಕುವುದರಲ್ಲಿ.

ಹೆಂಗಸಿನ ಸ್ವಂತ ಹೆಸರು ಅಲ್ಲಿ ಅಪರೂಪ. ‘ಕಿಮ್ ಸ್ಸಿ’, ಅಂದರೆ ಕಿಮ್ ಮನೆತನದವಳು ಎಂದಷ್ಟೇ ಬರೆದಿರುತ್ತಾರೆ. ಮದುವೆಯಾದರೂ ಮನೆತನದ ಹೆಸರು ಬದಲಾಗುವುದಿಲ್ಲ, ಹಾಗಾಗಿ ಅದು ತವರಿನದು. ಅದನ್ನೇ ಹಾಕಿ ಹುಡುಕಿದರೆ ಸಂಬಂಧವಿಲ್ಲದ ನಮೂದುಗಳ ರಾಶಿ ಬೀಳುತ್ತದೆ. ಗಂಡನ ಅಥವಾ ಅಪ್ಪನ ಹೆಸರು ಹಾಕಿ, ಒಬ್ಬ ರಾಜನ ಅವಧಿಗೆ ಸೀಮಿತಗೊಳಿಸಿ.

ಇನ್ನೊಂದು ದಾರಿ, ವಿಷಯದ ಪದ. ಮರುಮದುವೆಗೆ ‘ಜೇಗಾ’, ಪತಿವ್ರತೆಗೆ ‘ಯೊಲ್ಯೊ’. ರಾಜ ಸೊಂಗ್‌ಜೊಂಗ್ 8ನೇ ವರ್ಷದ (1477) 7ನೇ ತಿಂಗಳಿಂದ ಶುರುಮಾಡುವುದು ಒಳ್ಳೆಯದು. ವಿಧವೆಯರ ಮರುಮದುವೆಯ ಮೇಲೆ ಆಸ್ಥಾನದಲ್ಲಿ ನಡೆದ ಚರ್ಚೆ ಅಲ್ಲಿದೆ. ಮೂರನೇ ಮದುವೆಯನ್ನು ಮಾತ್ರ ತಡೆದರೆ ಸಾಕು ಎಂದವರೇ ಹೆಚ್ಚು. ರಾಜ ಹಿಡಿದದ್ದು ಕಟ್ಟುನಿಟ್ಟಿನ ಕೆಲವರ ಮಾತನ್ನು. 1485ರ ಕಾನೂನು ಸಂಹಿತೆ ಮರುಮದುವೆಯಾದವಳ ಮಕ್ಕಳಿಗೆ ಅಧಿಕಾರಿ ಪರೀಕ್ಷೆಯ ಬಾಗಿಲು ಮುಚ್ಚಿತು. ಕಾನೂನನ್ನಷ್ಟೇ ಓದಿ ‘ಸಮಾಜ ಹೀಗಿತ್ತು’ ಎಂದು ಬರೆಯುವವರು ಈ ಜಗಳವನ್ನೇ ಬಿಟ್ಟುಬಿಡುತ್ತಾರೆ. ಬರೆದವರೆಲ್ಲ ಗಂಡಸರು ಎಂಬುದೂ ನೆನಪಿರಲಿ: ಹೆಂಗಸು ಅಲ್ಲಿ ಕಾಣುವುದು ಹೆಚ್ಚಾಗಿ ಸನ್ಮಾನಕ್ಕೋ ಶಿಕ್ಷೆಗೋ. ಹೆಂಗಸರದೇ ದನಿ ಬೇಕಿದ್ದರೆ ಕೊರಿಯನ್ ಲಿಪಿ ಹಂಗುಲ್‌ನಲ್ಲಿ ಮನೆಯವರಿಗೆ ಬರೆದ ಪತ್ರಗಳನ್ನು ನೋಡಿ.

ದಿನಾಂಕದಲ್ಲಿ ಎಡವುವವರು ಬಹಳ. 1896ಕ್ಕೆ ಮುಂಚೆ ಎಲ್ಲವೂ ಚಾಂದ್ರಮಾನ. ಹಂಗುಲ್ ರಚನೆಯ ಸುದ್ದಿ ಇರುವುದು ಸೆಜೊಂಗ್ 25ನೇ ವರ್ಷ, 12ನೇ ತಿಂಗಳು, 30ನೇ ದಿನ, 2ನೇ ನಮೂದಿನಲ್ಲಿ. 1443 ಎಂದೇ ರೂಢಿ, ಆದರೆ ಆ ದಿನ ಬೀಳುವುದು 1444ರ ಜನವರಿಗೆ. ಉಲ್ಲೇಖದಲ್ಲಿ ರಾಜ, ವರ್ಷ, ತಿಂಗಳು, ದಿನ, ನಮೂದಿನ ಸಂಖ್ಯೆ ಐದೂ ಇರಲಿ; ಪುಟಸಂಖ್ಯೆ ನೆಚ್ಚಬೇಡಿ.

ಯಂತ್ರಾನುವಾದಕ್ಕೆ ಹಾಕುವುದಾದರೆ ಚೀನೀ ಮೂಲವನ್ನಲ್ಲ, ಆಧುನಿಕ ಕೊರಿಯನ್ ಪಾಠವನ್ನು ಹಾಕಿ. ನೇರ ಕನ್ನಡಕ್ಕೆ ತಂದರೆ ಒಂದು ಅಪಾಯವಿದೆ. ಕೊರಿಯನ್ನಿನಲ್ಲಿ ಕರ್ತೃಪದ ಬಿಟ್ಟೇ ಬರೆಯುತ್ತಾರೆ, ಕ್ರಿಯಾಪದಕ್ಕೆ ಲಿಂಗವೂ ಇಲ್ಲ. ನಮ್ಮಲ್ಲಿ ಏಕವಚನದಲ್ಲಿ ‘ಹೋದನು’ ಅಥವಾ ‘ಹೋದಳು’ ಎನ್ನಲೇಬೇಕು, ಯಂತ್ರ ಎಷ್ಟೋ ಸಲ ಊಹಿಸಿ ‘ಹೋದನು’ ಎಂದುಬಿಡುತ್ತದೆ. ವಿಧವೆ ಕೊಟ್ಟ ದೂರು ಗಂಡಸಿನದಾಗಿಬಿಟ್ಟರೆ ಇಡೀ ವಾದವೇ ಕುಸಿಯುತ್ತದೆ. ಪ್ರತಿ ವಾಕ್ಯಕ್ಕೂ ಕರ್ತೃ ಯಾರೆಂದು ಹಿಂದಿನ ಸಾಲು ನೋಡಿಯೇ ಬರೆದುಕೊಳ್ಳಿ.

ಇಂಗ್ಲಿಷ್ ಗ್ರಂಥಾಲಯ ಸೂಚಿಗಳಲ್ಲಿ ಎರಡೂ ಕಾಗುಣಿತ ಹಾಕಿ ನೋಡಿ. ಹಳೆಯ ಪದ್ಧತಿಯಲ್ಲಿ ಪುಸಾನ್, ಚೋಸನ್. 2000ದ ಸರ್ಕಾರಿ ಪದ್ಧತಿಯಲ್ಲಿ ಬುಸಾನ್, ಜೋಸನ್. ಕೊರಿಯನ್ ಲೇಖನಗಳಿಗೆ ಆರ್‌ಐಎಸ್‌ಎಸ್, ಕೆಸಿಐ ತಾಣಗಳಿವೆ. ಅನೇಕ ಲೇಖನಗಳ ಜೊತೆ ಇಂಗ್ಲಿಷ್ ಸಾರಾಂಶವೂ ಸಿಗುತ್ತದೆ. ಪುಸ್ತಕಕ್ಕೆ ನಿಮ್ಮ ಗ್ರಂಥಪಾಲಕರನ್ನು ಗ್ರಂಥಾಲಯಗಳ ಜಾಲವಾದ ಡೆಲ್‌ನೆಟ್ ಎರವಲಿನ ಬಗ್ಗೆ ಕೇಳಿ. ಕೊರಿಯಾದ ಸಂಸ್ಥೆಗಳಿಗೆ ಫೋನ್ ಮಾಡುವುದಿದ್ದರೆ ಮಧ್ಯಾಹ್ನ ಎರಡೂವರೆಗೆ ಮುಂಚೆ ಮಾಡಿ. ಅಲ್ಲಿ ಆಗಲೇ ಸಂಜೆ ಆರು.